ಲಕ್ಕಣ್ಣ ದಂಡೇಶನ ಕಾಯಕ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಸದ್ಭಕ್ತರ ಮನೆಗಳಲ್ಲಿ ಅಣ್ಣನು ಹೊಲ ಉಳುತ್ತಿರಲು ತಮ್ಮನು ಸೈನ್ಯಕ್ಕೆ ಸೇರುವುದು ಹೊಸತೇನಲ್ಲ. ರಜೆಯ ಮೇಲೆ ಬಂದ ತಮ್ಮನನ್ನು ಊರು ಮಣೆ ಹಾಕಿ ಕುಳ್ಳಿರಿಸುತ್ತದೆ. ವರ್ಷವಿಡೀ ಬೆವರು ಸುರಿಸಿದ ಅಣ್ಣನನ್ನು ಯಾರೂ ಕೇಳುವುದಿಲ್ಲ. ಪ್ರಾಣವನ್ನೇ ಪಣವಾಗಿಟ್ಟವನ ಋಣವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಾಯಕವು ಉಳಿದ ಕಾಯಕಗಳಿಗಿಂತ ಮಿಗಿಲೆನಿಸುವುದೇ? ತಾನೇ ಸೇನಾಪತಿಯಾಗಿದ್ದು, ಶರಣರ ಚರಿತೆಯನ್ನೂ ಬರೆದ ಲಕ್ಕಣ್ಣ ದಂಡೇಶನ ಬಾಳು ಈ ವಿಷಯದಲ್ಲಿ ವಿಚಾರಾರ್ಹವಾಗಿದೆ.

ಲಕ್ಕಣ್ಣನು ವಿಜಯನಗರದ ಇಮ್ಮಡಿ ದೇವರಾಯನ (1424-1446), ಎಂದರೆ ವೀರಶೈವ ಪರಂಪರೆಯು ಪ್ರೌಢದೇವರಾಯನೆಂದು ಕೊಂಡಾಡುವ ಅರಸನ, ಮಂತ್ರಿಯೂ ದಂಡನಾಯಕನೂ ಆಗಿದ್ದನು. ಸೋದರನಾದ ಮಾದಣ್ಣನೊಡನೆ ಮುಳುಬಾಗಿಲು ಸೀಮೆಯ ಆಡಳಿತವನ್ನು ನಡೆಸಿದ ಮೇಲೆ ಮಧುರೆಯ ಅಧಿಕಾರವೂ ಅವನಿಗೆ ದೊರೆಯಿತು. ದಕ್ಷಿಣ ಸಮುದ್ರಾಧಿಪತಿಯೆಂಬ ಬಿರುದು ಅವನದು.

1443ರಲ್ಲಿ ಹೆರಾತಿನ ಷಾರುಖ್ ದೊರೆಯ ರಾಯಭಾರಿಯಾಗಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದನು. ಅವನ ಬರಹದಲ್ಲಿ ಬರುವ ದಣಾಯಕನನ್ನು ಇತಿಹಾಸಕಾರರು ಲಕ್ಕಣ್ಣನೆಂದೇ ಗುರುತಿಸುತ್ತಾರೆ. ಆ ದಣಾಯಕನು ಕಡಲಮಾರ್ಗವಾಗಿ ಸಿಂಹಳದ ಗಡಿಗೆ ತೆರಳಿದ್ದ ಕಾಲದಲ್ಲಿ ರಾಜಧಾನಿಯಲ್ಲಿ ಘೋರಕೃತ್ಯವೊಂದು ನಡೆಯಿತು. ಅರಸನ ಸೋದರನೇ ಹೊಸಮನೆಯ ಔತಣದ ನೆವದಿಂದ ಪ್ರಮುಖರನ್ನು ಕರೆಸಿ, ವಾದ್ಯಗಳ ಅಬ್ಬರದ ನಡುವೆ ಒಬ್ಬೊಬ್ಬರನ್ನಾಗಿ ಕೊಲ್ಲಿಸಿ, ಕಡೆಗೆ ಅರಸನ ಮೇಲೂ ಕೈಮಾಡಿದನು. ದೇವರಾಯನು ಗಾಯಗೊಂಡರೂ ಬದುಕಿದನು. ತಾನು ಜೀವದಿಂದಿರುವುದನ್ನು ಪ್ರಜೆಗಳಿಗೆ ತೋರಲು ಕುದುರೆಯೇರಿ ಹೊರಬಂದನು. ದಂಡನಾಯಕನ ಕತ್ತಿ ಕಡಲಾಚೆಯ ವೈರಿಯನ್ನು ಅರಸುತ್ತಿದ್ದಾಗ ವೈರವು ಮನೆಯೊಳಗೇ ಎಲೆ ಹಾಕಿ ಬಡಿಸುತ್ತಿತ್ತು! ಇದು ಲಕ್ಕಣ್ಣನ ತಪ್ಪಲ್ಲ. ಆದರೂ ರಾಜ್ಯದ ರಕ್ಷಣೆಯೆಲ್ಲ ಸೈನ್ಯದ ಕೈಯಲ್ಲೇ ಇದೆಯೆಂದು ನಂಬುವವರು ಈ ಸಂಗತಿಯನ್ನು ಮರೆಯಬಾರದು.

ಅದೇ ಯಾತ್ರಿಕನು ಇನ್ನೊಂದು ವಿಷಯವನ್ನು ಬರೆದಿಟ್ಟಿದ್ದಾನೆ. ನಾಡಿನ ಕಂದಾಯವೆಲ್ಲ ಟಂಕಸಾಲೆಗೆ ಬಂದು ಸೇರುತ್ತಿತ್ತು. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಅಲ್ಲಿಂದಲೇ ಸಂಬಳ ಸಲ್ಲುತ್ತಿತ್ತು. ಹಾಗಾದರೆ ಪಹರೆಯವನ ತುತ್ತು ನೇಗಿಲಯೋಗಿಯ ಹೊಲದಿಂದಲೂ ಮಗ್ಗದ ಗುಂಡಿಯಿಂದಲೂ ಬಂದದ್ದೇ ಸರಿ. ಸಮುದ್ರಾಧಿಪತಿಯ ಹಡಗೂ ಅಷ್ಟೆ. ಮರ ಕೊಯ್ಯುವ ಬಡಗಿ, ಹಾಯಿ ಹೊಲಿಯುವವನು, ಹಗ್ಗ ಹೊಸೆಯುವವನು, ಹುಟ್ಟು ಹಾಕುವ ಅಂಬಿಗ, ಇವರಲ್ಲಿ ಒಬ್ಬನು ಕೈಬಿಟ್ಟರೂ ಬಿರುದು ದಡದಲ್ಲೇ ಉಳಿಯುತ್ತಿತ್ತು.

ಸಿಂಹಳದ ಯಾತ್ರೆಯ ತರುವಾಯ ದಣಾಯಕನು ಕಲಬುರಗಿಯ ಸೀಮೆಗೆ ದಂಡೆತ್ತಿ ಹೋಗಿ, ಗಡಿನಾಡನ್ನು ಹಾಳುಗೆಡವಿ, ಸೆರೆಯಾಳುಗಳನ್ನು ಹಿಡಿದು ಮರಳಿದನು. ದಯೆಗೆ ಅಗ್ರಸ್ಥಾನವನ್ನಿತ್ತ ಶರಣಮಾರ್ಗದಲ್ಲಿ ಈ ಸಂಗತಿಯು ಸುಲಭವಾಗಿ ಜೀರ್ಣವಾಗತಕ್ಕುದಲ್ಲ. ಒಕ್ಕಲಿಗನಿಗೂ ಮಡಿವಾಳನಿಗೂ ಬಾರದ ಇಕ್ಕಟ್ಟು ಇದು. ಯೋಧನಾದವನು ಇದನ್ನು ಹೊತ್ತೇ ನಡೆಯಬೇಕಾಗುತ್ತದೆ. ಅವನನ್ನು ಹೊಗಳುವವರು ಅವನ ಧೈರ್ಯವನ್ನು ಕಾಣುತ್ತಾರೆಯೇ ಹೊರತು ಈ ಹೊರೆಯನ್ನು ಕಾಣುವುದಿಲ್ಲ.

ಇಂತಹ ಲಕ್ಕಣ್ಣನು ಲೇಖನಿಯನ್ನು ಕೈಗೆತ್ತಿಕೊಂಡು ವಾರ್ಧಕ ಷಟ್ಪದಿಯಲ್ಲಿ ಶಿವತತ್ತ್ವ ಚಿಂತಾಮಣಿಯೆಂಬ ಬೃಹದ್ಗ್ರಂಥವನ್ನು ರಚಿಸಿದನು. ಪದ್ಯಗಳು ಎರಡು ಸಾವಿರಕ್ಕೂ ಮಿಗಿಲು. ದಂಡನಾಯಕನು ಕಾವ್ಯ ಬರೆದರೆ ತನ್ನ ದಂಡಯಾತ್ರೆಗಳನ್ನೋ ತನ್ನ ಒಡೆಯನ ಜಯಗಳನ್ನೋ ಕಥಾವಸ್ತುವಾಗಿಸುವುದು ಲೋಕರೂಢಿ. ಲಕ್ಕಣ್ಣನು ಆರಿಸಿಕೊಂಡದ್ದು ಶಿವತತ್ತ್ವವನ್ನು, ಬಸವಣ್ಣನವರ ಚರಿತೆಯನ್ನು, ಶಿವಶರಣರ ಮಹಿಮೆಯನ್ನು. ಆ ಶರಣಗಣವೆಂದರೆ ಯಾರು? ಬಟ್ಟೆಯೊಗೆದ ಮಾಚಯ್ಯ, ದೋಣಿ ನಡೆಸಿದ ಚೌಡಯ್ಯ, ಹಗ್ಗ ಹೊಸೆದ ಚಂದಯ್ಯ, ಚೆಲ್ಲಿದ ಅಕ್ಕಿಯನ್ನಾಯ್ದ ಮಾರಯ್ಯ. ಊರ ಕಾವಲಿನ ತಳವಾರ ಕಾಮಿದೇವಯ್ಯನೂ ಯೋಧವೃತ್ತಿಯ ಜೋದರ ಮಾಯಣ್ಣನೂ ಅದೇ ಗಣದಲ್ಲಿದ್ದರು; ಅವರಿಗೆ ಬೇರೆ ಪಂಕ್ತಿಯಿರಲಿಲ್ಲ, ಮೇಲಿನ ಗದ್ದುಗೆಯೂ ಇರಲಿಲ್ಲ. ಆಯುಧ ಹಿಡಿದವನೆಂದು ಹೊರಗಿಡಲೂ ಇಲ್ಲ. ಲಕ್ಷ ಸೈನಿಕರ ವಂದನೆಯನ್ನು ಕೊಳ್ಳುತ್ತಿದ್ದವನು ತಲೆಬಾಗಿಸಿದ್ದು ಈ ಗಣಕ್ಕೆ.

ಪ್ರೌಢದೇವರಾಯನ ಆಳಿಕೆಯಲ್ಲಿ ವಿರಕ್ತರಿಗೆ ದೊರೆತ ಆಶ್ರಯದಿಂದ ವಚನಗಳ ಸಂಗ್ರಹಕಾರ್ಯವು ಹುರುಪುಗೊಂಡಿತು. ಆ ಆಶ್ರಯದ ಬೆನ್ನಿಗೆ ದಂಡೇಶನ ಬಲವೂ ಇದ್ದಿತೆಂಬುದನ್ನು ಒಪ್ಪಲೇಬೇಕು. ಆದರೆ ಬಲವು ತಾನಾಗಿ ಒಂದು ವಚನವನ್ನೂ ಉಳಿಸಲಾರದು. ಓಲೆಯನ್ನು ಹದಮಾಡಿ, ಕಂಠದಿಂದ ಬರೆದು, ಕಟ್ಟಿಡುವ ಕೈಗಳು ಬೇಕು. ಆ ಕೆಲಸವು ಮುಂದಿನ ಶತಮಾನದಲ್ಲಿ ನಮ್ಮ ಸೀಮೆಗೇ ಇಳಿದುಬಂದಿತು. ಗುಬ್ಬಿಯ ಮಲ್ಲಣಾರ್ಯನು 1530ರಲ್ಲಿ ವೀರಶೈವಾಮೃತ ಪುರಾಣವನ್ನು ಅದೇ ವಾರ್ಧಕ ಷಟ್ಪದಿಯಲ್ಲಿ ಮುಗಿಸಿ, ಶರಣರ ಕಥೆಗಳನ್ನು ಮತ್ತೆ ಹೇಳಿದನು. ಕುಣಿಗಲು ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಗೈದು ಎಡೆಯೂರಿನಲ್ಲಿ ನೆಲೆಯಾದ ಸಿದ್ಧಲಿಂಗ ಯತಿಗಳು 701 ವಚನಗಳನ್ನು ನೀಡಿದರು. ಅವರ ಶಿಷ್ಯಪರಂಪರೆಯ ಗೂಳೂರ ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಮತ್ತೊಮ್ಮೆ ಪರಿಷ್ಕರಿಸಿ ಜೋಡಿಸಿದರು. ಇವರಲ್ಲಿ ಯಾರೂ ದಂಡನ್ನು ನಡೆಸಿದವರಲ್ಲ. ಲಕ್ಕಣ್ಣನು ಕಡಲನ್ನೂ ಕಲಬುರಗಿಯನ್ನೂ ಕಂಡು ಬಂದವನು; ಆದರೂ ಶರಣಸಾಹಿತ್ಯದ ಚರಿತ್ರೆಯಲ್ಲಿ ಅವನ ಹೆಸರು ಬರುವುದು ಇವರ ಜೊತೆಗೆ, ಒಂದೇ ಸಾಲಿನಲ್ಲಿ.