ಘ್ರಾಣದ ಹಾದಿ ಕಂಡ ಕಹಾಲ್

ಸ್ಪೇನ್ ದೇಶದ ಸಣ್ಣ ಹಳ್ಳಿಯೊಂದರಲ್ಲಿ 1852ರ ಮೇ 1ರಂದು ವೈದ್ಯರೊಬ್ಬರ ಮಗನಾಗಿ ಸಾಂತಿಯಾಗೊ ರಾಮೋನ್ ಈ ಕಹಾಲ್ ಜನಿಸಿದರು. ಚಿತ್ರಕಲೆಯ ಹುಚ್ಚಿನಲ್ಲಿ ಪಾಠ ಮರೆತ ಬಾಲಕನನ್ನು ತಂದೆ ಕ್ಷೌರದಂಗಡಿಗೂ ಜೋಡು ಹೊಲಿಯುವ ಅಂಗಡಿಗೂ ದುಡಿಯಲು ಕಳುಹಿದರು. ಮುಂದೆ ವೈದ್ಯರಾಗಿ, ಸೇನೆಯೊಡನೆ ಕ್ಯೂಬಾಕ್ಕೆ ಹೋಗಿ, ಮಲೇರಿಯಾದಿಂದ ಬಳಲಿ ಹಿಂದಿರುಗಿದರು.

ನರಗಳೆಲ್ಲ ಬೆಸೆದುಕೊಂಡ ಒಂದೇ ಬಲೆಯೆಂಬುದು ಅಂದಿನ ಪಂಡಿತರಲ್ಲಿ ಹಲವರ ಮತ. ಇಟಲಿಯ ಗಾಲ್ಜಿ ಕಂಡುಹಿಡಿದ ಬೆಳ್ಳಿಯ ವರ್ಣವಿಧಾನವನ್ನೇ ಬಳಸಿ, ಪ್ರತಿಯೊಂದು ನರಕೋಶವೂ ಪ್ರತ್ಯೇಕವೆಂದು ಕಹಾಲರು 1888ರಲ್ಲಿ ಸಾರಿದರು. ಅದಕ್ಕಾಗಿ ಸ್ವಂತ ಹಣದಿಂದಲೇ ಪತ್ರಿಕೆ ಅಚ್ಚು ಹಾಕಿಸಿದರು. ಮರುವರ್ಷ ಬರ್ಲಿನ್ನಿಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆಯೇ ಲೋಕ ಕಣ್ತೆರೆಯಿತು.

ಮೂಗಿನ ಒಳಪೊರೆಯಿಂದ ಹೊರಟ ತಂತುಗಳು ಮೆದುಳಿನ ಘ್ರಾಣಪಿಂಡದ ಪುಟ್ಟ ಗೋಲಗಳಲ್ಲಿ ಕೊನೆಗೊಂಡು, ಅಲ್ಲಿ ಬೇರೆ ಕೋಶಗಳಿಗೆ ವಾರ್ತೆಯನ್ನೊಪ್ಪಿಸುವುದನ್ನು ಅವರು ವಿವರಿಸಿದರು. ಬೆಳೆಯುವ ತಂತುವಿಗೆ ರಾಸಾಯನಿಕ ಸೆಳೆತವೇ ದಾರಿ ತೋರುವುದೆಂದು 1892ರಲ್ಲಿ ಊಹಿಸಿದರು.

1906ರ ನೊಬೆಲ್ ಬಹುಮಾನವನ್ನು ಗಾಲ್ಜಿಯೊಡನೆ ಹಂಚಿಕೊಂಡರು. ಆ ಸಭೆಯಲ್ಲಿಯೂ ಗಾಲ್ಜಿ ಅವರ ಮತವನ್ನೊಪ್ಪಲಿಲ್ಲ. 1934ರ ಅಕ್ಟೋಬರ್ 17ರಂದು ಕಹಾಲರು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು.

ಒಂದೇ ಬಗೆಯ ಗ್ರಾಹಕವುಳ್ಳ ಕೋಶಗಳ ತಂತುಗಳು ಗೊತ್ತಾದ ಗೋಲಗಳನ್ನೇ ಸೇರುವುವೆಂದೂ, ಕೋಶದ ಮೇಲ್ಮೈಯ ಅಣುಗಳು ಅವುಗಳಿಗೆ ಗುರುತು ಹೇಳುವುವೆಂದೂ 1990ರ ಬಳಿಕ ತಿಳಿದುಬಂದಿತು. ಕಾಫಿಯ ಘಮವನ್ನು ನಾವು ಗುರುತಿಸುವುದು ಆ ಹಾದಿಯಿಂದಲೇ.