ಹೆಸರನ್ನು ಬಯಸದ ಕಾಯಕ: ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾವ್

ನಮ್ಮ ಶಿವಮೊಗ್ಗದ ದುರ್ಗಿಗುಡಿಯ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದು ಹೋಗುವವರಿಗೆ ವೈದ್ಯರ ಬಾಗಿಲಲ್ಲಿ ಕಾದು ಕುಳಿತ ಜನ ಕಾಣಸಿಗುತ್ತಾರೆ. ಭದ್ರಾವತಿಯ ಕಡೆಯಿಂದಲೂ ಮಲೆನಾಡಿನ ತಾಲ್ಲೂಕುಗಳಿಂದಲೂ ಬಂದ ಅವರಲ್ಲಿ ಮೂತ್ರಪಿಂಡಗಳ ಬೇನೆಯಿಂದ ಸೊರಗಿದವರು ಇರುತ್ತಾರೆ. ಗದ್ದೆಯ ಕೆಸರಿನಲ್ಲಿ ದುಡಿದು ಇಲಿ ಜ್ವರಕ್ಕೆ ತುತ್ತಾದವರು ಇರುತ್ತಾರೆ. ರಕ್ತಹೀನತೆಯಿಂದ ಬಳಲುವ ಗರ್ಭಿಣಿಯರೂ ಇರುತ್ತಾರೆ. ಇವರ ರಕ್ತದ ಪರೀಕ್ಷೆಯಲ್ಲಿ, ಇವರಿಗೆ ಬರೆದುಕೊಡುವ ಮಾತ್ರೆಗಳಲ್ಲಿ ಒಬ್ಬನೇ ಭಾರತೀಯನ ದುಡಿಮೆ ಬೆರೆತಿದೆಯೆಂಬುದನ್ನು ಬಲ್ಲವರು ವಿರಳ. ಆ ಮಹನೀಯರೇ ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾವ್. ಕನ್ನಡನಾಡಿನಲ್ಲಿ ಅವರು ಹುಟ್ಟಿದವರಲ್ಲ. ಆದರೂ ಅವರ ಉಪಕಾರವನ್ನು ಪಡೆಯದ ಕನ್ನಡದ ಊರಿಲ್ಲ. ವಿದ್ಯಾದಾನವನ್ನೇ ವ್ರತವಾಗಿಸಿಕೊಂಡ ಸಂಸ್ಥೆಯೊಂದರ ಸಂಚಿಕೆಯಲ್ಲಿ ಅವರನ್ನು ಸ್ಮರಿಸುವುದಕ್ಕೆ ಮತ್ತೊಂದು ಕಾರಣವೂ ಉಂಟು. ಮುಂದಿನ ವೃತ್ತಾಂತದಿಂದ ಅದು ವಿದಿತವಾದೀತು.

ಸುಬ್ಬರಾವ್ ಅವರು 1895ನೆಯ ಇಸವಿ ಜನವರಿ 12ರಂದು ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಭೀಮಾವರಂನಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಮಕ್ಕಳು ಬಹಳ, ಆದಾಯ ಸ್ವಲ್ಪ. ಬಾಲಕನಿಗೆ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬಹುದೆಂಬ ಆಸೆಯಿಂದ ಒಮ್ಮೆ ಕಾಶಿಗೆಂದು ಮನೆ ಬಿಟ್ಟು ಹೊರಟುದೂ ಉಂಟು. ದಾರಿಯಿಂದಲೇ ಹಿಂದಕ್ಕೆ ಕರೆತಂದವರು ತಾಯಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಎರಡು ಬಾರಿ ಅನುತ್ತೀರ್ಣರಾದರು. ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿಗೆ ಸೇರಿ, ಮೂರನೆಯ ಯತ್ನದಲ್ಲಿ ತೇರ್ಗಡೆ ಹೊಂದಿದರು. ಲೋಕವು ಕೈಬಿಡಬಹುದಾಗಿದ್ದ ಹುಡುಗನನ್ನು ತಾಯಿಯ ಹಠವೂ ಗುರುಗಳ ತಾಳ್ಮೆಯೂ ಕೈಹಿಡಿದು ನಡೆಸಿದವು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಅವರ ಚಿತ್ತವು ರಾಮಕೃಷ್ಣ ಮಠದತ್ತ ಒಲಿಯಿತು. ಸಂನ್ಯಾಸ ಸ್ವೀಕರಿಸಿ ದೀನರ ಸೇವೆಯಲ್ಲಿ ಬಾಳನ್ನು ಸವೆಸಬೇಕೆಂಬ ಹಂಬಲ ಹುಟ್ಟಿತು. ತಾಯಿ ಒಪ್ಪಲಿಲ್ಲ. ಸೇವೆಯೇ ಗುರಿಯಾದಲ್ಲಿ ವೈದ್ಯವಿದ್ಯೆಯೂ ಅದಕ್ಕೊಂದು ಮಾರ್ಗವೆಂಬ ತಿಳಿವು ಮೂಡಿ, ಅವರು ಮದರಾಸು ಮೆಡಿಕಲ್ ಕಾಲೇಜನ್ನು ಸೇರಿದರು. ಅಲ್ಲಿಯೂ ಹಾದಿ ಸುಗಮವಾಗಿರಲಿಲ್ಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಖಾದಿಯ ನಿಲುವಂಗಿಯನ್ನು ಧರಿಸಿದುದು ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಪೂರ್ಣ ಪದವಿಯ ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ಅವರ ಪಾಲಿಗೆ ಬಂದಿತು. ಸರಕಾರಿ ಕೆಲಸ ದೊರೆಯದೆ, ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪಾಧ್ಯಾಯರಾದರು.

ಈ ಕಾಲದಲ್ಲಿಯೇ ಮನೆಗೆ ಸಿಡಿಲು ಬಡಿಯಿತು. ಉಂಡ ಅನ್ನ ಮೈಗೆ ಹತ್ತದೆ, ರಕ್ತ ಬತ್ತಿ, ದೇಹವನ್ನು ಒಣಗಿಸುವ ಸ್ಪ್ರೂ ಎಂಬ ವ್ಯಾಧಿಗೆ ಅವರ ಇಬ್ಬರು ಸಹೋದರರು ಸ್ವಲ್ಪವೇ ಕಾಲದ ಅಂತರದಲ್ಲಿ ಬಲಿಯಾದರು. ಅದೇ ಕಾಯಿಲೆ ಸುಬ್ಬರಾವ್ ಅವರನ್ನೂ ಹಿಡಿಯಿತು. ಆಯುರ್ವೇದ ಪಂಡಿತರಾದ ಡಾಕ್ಟರ್ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಬದುಕಿ ಉಳಿದರು. ರೋಗದ ಮೂಲವನ್ನು ಅರಿಯದೆ ಕೈಕಟ್ಟಿ ಕುಳಿತ ವೈದ್ಯನ ಅಸಹಾಯಕತೆಯನ್ನು ತಮ್ಮ ಮನೆಯಲ್ಲಿಯೇ ಕಂಡ ಅವರು, ಸಂಶೋಧನೆಯೇ ತಮ್ಮ ಕಾಯಕವೆಂದು ನಿಶ್ಚಯಿಸಿದರು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ರೋಗಗಳ ವ್ಯಾಸಂಗಕ್ಕೆ ಅವಕಾಶವೇನೋ ದೊರೆಯಿತು. ಹಡಗಿನ ವೆಚ್ಚಕ್ಕೆ ಹಣವೆಲ್ಲಿ? ಆಗ ನೆರವಿಗೆ ಬಂದವರು ಅವರ ಮಾವನವರು ಮತ್ತು ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮನಿಧಿಯವರು. ಎರಡು ಬಾರಿ ಅನುತ್ತೀರ್ಣನಾದ, ಪೂರ್ಣ ಪದವಿಯೂ ಇಲ್ಲದ ಯುವಕನೊಬ್ಬನ ಮೇಲೆ ನಂಬಿಕೆಯಿಟ್ಟು ನೀಡಿದ ಆ ನೆರವು ಎಂಥ ಫಲವನ್ನಿತ್ತಿತೆಂಬುದನ್ನು ಇಂದು ಲೋಕವೇ ಉಣ್ಣುತ್ತಿದೆ.

1920ರ ದಶಕದ ಆರಂಭದಲ್ಲಿ ಗರ್ಭಿಣಿಯಾದ ಪತ್ನಿ ಶೇಷಗಿರಿಯಮ್ಮನವರನ್ನು ಬಿಟ್ಟು ಅವರು ಬೋಸ್ಟನ್ ನಗರವನ್ನು ಸೇರಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಹೊತ್ತು ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸವನ್ನೂ ಮಾಡಿದರು. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಶರಣರ ನಾಡಿನವರಾದ ನಾವು ಹೇಳುತ್ತೇವೆ. ಸುಬ್ಬರಾವ್ ಅವರು ಅದನ್ನು ಪರದೇಶದಲ್ಲಿ ಬಾಳಿ ತೋರಿದರು.

ಮುಂದೆ ಅವರು ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬವರೊಡನೆ ಸೇರಿ, ರಕ್ತ ಮತ್ತು ಮೂತ್ರಗಳಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯುವ ವಿಧಾನವನ್ನು ರೂಪಿಸಿದರು. 1925ರಲ್ಲಿ ಅದು ಪ್ರಕಟವಾಯಿತು. ರಂಜಕವಿರುವ ದ್ರವವು ಮಾಲಿಬ್ಡೇಟಿನೊಡನೆ ಕೂಡಿದಾಗ, ತಕ್ಕ ರಾಸಾಯನಿಕದ ನೆರವಿನಿಂದ ನೀಲಿಯ ಬಣ್ಣ ತಳೆಯುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಅಧಿಕವೆಂದು ತಿಳಿಯಬೇಕು. ಸರಳವಾದ ಈ ವಿಧಾನ ಮೂತ್ರಪಿಂಡದ ರೋಗಿಗಳ ಪಾಲಿಗೆ ದಾರಿದೀಪವಾಯಿತು. ಮೂತ್ರಪಿಂಡಗಳು ಸೋತಾಗ ರಂಜಕವು ಹೊರಹೋಗದೆ ರಕ್ತದಲ್ಲಿ ನಿಲ್ಲುತ್ತದೆ. ಅದರಿಂದ ಮೂಳೆಗಳ ಸುಣ್ಣ ಕರಗಿ ಅವು ಶಿಥಿಲವಾಗುತ್ತವೆ, ರಕ್ತನಾಳಗಳು ಪೆಡಸಾಗುತ್ತವೆ. ರೋಗಿಗೆ ಅರಿವಾಗುವ ಮುನ್ನವೇ ಇದನ್ನು ವೈದ್ಯನಿಗೆ ತಿಳಿಸುವುದು ರಕ್ತದ ಪರೀಕ್ಷೆ. ಇಂದು ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಂಜಕವನ್ನು ಆಗಾಗ ಅಳೆಯಲಾಗುತ್ತದೆ. ಯಂತ್ರಗಳು ಬದಲಾಗಿದ್ದರೂ ಆ ಪರೀಕ್ಷೆಗೆ ಮಾಲಿಬ್ಡೇಟಿನ ಕ್ರಿಯೆಯೇ ತಳಹದಿಯಾಗಿ ಉಳಿದಿದೆ.

ಇದೇ ಅಳತೆಗೋಲನ್ನು ಹಿಡಿದು ಅವರಿಬ್ಬರೂ 1927ರಲ್ಲಿ ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನನ್ನೂ 1929ರಲ್ಲಿ ಜೀವಕೋಶಗಳ ಶಕ್ತಿಯ ನಾಣ್ಯವಾದ ಎ.ಟಿ.ಪಿ.ಯನ್ನೂ ಗುರುತಿಸಿದರು. ಆದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ಅದೇ ಪ್ರಯೋಗಾಲಯದಲ್ಲಿ ಕಲಿತ ಜಾರ್ಜ್ ಹಿಚಿಂಗ್ಸ್ ಅವರು ಮುಂದೆ ಮೂತ್ರಪಿಂಡದ ಕಸಿಗೆ ಆಧಾರವಾದ ಅಜಾಥಯೋಪ್ರಿನ್ ಎಂಬ ಔಷಧಿಯನ್ನು ಗರ್ಟ್ರೂಡ್ ಎಲಿಯನ್ ಅವರೊಡನೆ ರೂಪಿಸಿ, 1988ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಸುಬ್ಬರಾವ್ ಅವರಿಗೆ ಅಂಥ ಮನ್ನಣೆ ಬರಲಿಲ್ಲ. ಅದನ್ನು ಅರಸಿ ಅವರು ಹೋದವರೂ ಅಲ್ಲ.

1940ರಲ್ಲಿ ಅವರು ನ್ಯೂಯಾರ್ಕ್ ಪ್ರಾಂತ್ಯದ ಪರ್ಲ್ ರಿವರಿನ ಲೆಡರ್ಲಿ ಪ್ರಯೋಗಾಲಯವನ್ನು ಸೇರಿ, ಬೇಗನೆ ಅಲ್ಲಿನ ಸಂಶೋಧನೆಯ ನಿರ್ದೇಶಕರಾದರು. ಅಣ್ಣತಮ್ಮಂದಿರನ್ನು ಕಸಿದ ರೋಗವನ್ನು ಅವರು ಮರೆತಿರಲಿಲ್ಲ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಗಿರಣಿ ಕೆಲಸದ ಬಡ ಗರ್ಭಿಣಿಯರಲ್ಲಿ ರಕ್ತಹೀನತೆಯನ್ನು ಅಭ್ಯಸಿಸಿ, ಅದನ್ನು ನೀಗುವ ಅಂಶವೊಂದು ಯೀಸ್ಟಿನಲ್ಲಿದೆಯೆಂದು ತೋರಿದ್ದರು. ಆ ಅಂಶವೇ ಫೋಲಿಕ್ ಆಮ್ಲ. ಸುಬ್ಬರಾವ್ ಅವರ ತಂಡವು ಅದನ್ನು ಕೃತಕವಾಗಿ ತಯಾರಿಸಿ, 1945ರಲ್ಲಿ ಲೋಕದ ಮುಂದಿಟ್ಟಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಮದ್ದಾಯಿತು. ಇಂದು ನಮ್ಮ ಹಳ್ಳಿಗಳ ಗರ್ಭಿಣಿಯರಿಗೆ ಆರೋಗ್ಯ ಕೇಂದ್ರಗಳಲ್ಲಿ ಹಂಚುವ ಮಾತ್ರೆಯಲ್ಲಿಯೂ ಕಬ್ಬಿಣದೊಡನೆ ಕೂಡಿರುವುದು ಅದೇ.

ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಅಮಿನಾಪ್ಟರಿನ್ ಎಂಬ ವಸ್ತುವನ್ನೂ ಅದೇ ತಂಡವು ಸಿದ್ಧಪಡಿಸಿತು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅದನ್ನು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳಲ್ಲಿ, ತಾತ್ಕಾಲಿಕವಾಗಿಯೇ ಆದರೂ, ಚೇತರಿಕೆ ಕಂಡಿತು. ಅದರ ಬೆನ್ನಲ್ಲೇ ಬಂದ ಮೆಥೋಟ್ರೆಕ್ಸೇಟನ್ನು ಕ್ಯಾನ್ಸರಿಗೂ ಕೀಲುವಾತಕ್ಕೂ ಇಂದಿಗೂ ಕೊಡುತ್ತಾರೆ. ಆ ಔಷಧಿ ಮೂತ್ರಪಿಂಡದ ಮೂಲಕವೇ ಹೊರಹೋಗತಕ್ಕದ್ದಾದುದರಿಂದ, ಅದನ್ನು ಬರೆಯುವ ವೈದ್ಯನು ಮೊದಲು ಮೂತ್ರಪಿಂಡದ ಸ್ಥಿತಿಯನ್ನು ಪರೀಕ್ಷಿಸಲೇಬೇಕು. ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ ಹೆಟ್ರಜಾನ್ ಕೂಡ ಅವರ ನಿರ್ದೇಶನದಲ್ಲಿಯೇ ಬಂದುದು.

ಕೊನೆಯದಾಗಿ ಆರಿಯೋಮೈಸಿನ್. ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಎಂಬ ವೃದ್ಧರು ನಿವೃತ್ತಿಯ ನಂತರ ಲೆಡರ್ಲಿಗೆ ಬಂದು, ಹೊಲದ ಮಣ್ಣಿನಲ್ಲಿ ಹೊಂಬಣ್ಣದ ಸೂಕ್ಷ್ಮಜೀವಿಯೊಂದನ್ನು ಗುರುತಿಸಿದರು. ಅದರಿಂದ ತೆಗೆದ ಈ ಔಷಧಿಯು 1948ರಲ್ಲಿ ಪ್ರಕಟವಾಯಿತು. ಪೆನಿಸಿಲಿನ್ನಿಗೆ ಬಗ್ಗದ ಹಲವು ಸೋಂಕುಗಳಿಗೆ ಅದು ಮದ್ದಾಯಿತು. ಟೆಟ್ರಾಸೈಕ್ಲಿನ್ ಎಂಬ ಔಷಧಿಗಳ ಕುಲಕ್ಕೆ ಅದೇ ಹಿರಿಯ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಭೀತಿ ಹಬ್ಬಿದಾಗ ಜನರಿಗೆ ಹಂಚಿದುದು ಈ ಕುಲದ ಮದ್ದನ್ನೇ. ಈ ಕುಲದ ಹಳೆಯ ಔಷಧಿಗಳು ಸೋತ ಮೂತ್ರಪಿಂಡಗಳಿಗೆ ಹೊರೆಯಾಗುತ್ತಿದ್ದವು. ಅನಂತರ ಬಂದ ಡಾಕ್ಸಿಸೈಕ್ಲಿನ್ ಬಹುಪಾಲು ಕರುಳಿನ ಮೂಲಕ ಹೊರಹೋಗುವುದರಿಂದ ಅಂಥವರಿಗೂ ಕೊಡಬಹುದಾಯಿತು. ಮೂತ್ರಪಿಂಡದ ರೋಗಿಯ ದೇಹಕ್ಕೆ ಸೋಂಕನ್ನು ತಡೆಯುವ ಶಕ್ತಿ ಮೊದಲೇ ಕಡಿಮೆ. ಡಯಾಲಿಸಿಸ್ಸಿಗೆಂದು ಇಟ್ಟ ನಳಿಕೆಯೂ ರೋಗಾಣುಗಳಿಗೆ ಬಾಗಿಲಾಗಬಲ್ಲದು. ಅಂಥವನಿಗೆ ತಕ್ಕ ಮದ್ದು ದೊರೆಯುವುದೆಂದರೆ ಪ್ರಾಣವೇ ದೊರೆತಂತೆ. ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ, ಕಾಲಿನ ಗಾಯದ ಮೂಲಕ ಹತ್ತುವ ಇಲಿ ಜ್ವರವು ಉಲ್ಬಣಿಸಿದರೆ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಆರಂಭದಲ್ಲಿಯೇ ವೈದ್ಯರ ಬಳಿಗೆ ಹೋದ ಮಲೆನಾಡಿನ ರೈತನಿಗೆ ಸಾಮಾನ್ಯವಾಗಿ ಕೊಡುವುದು ಈ ಡಾಕ್ಸಿಸೈಕ್ಲಿನ್ನನ್ನೇ.

ಆರಿಯೋಮೈಸಿನ್ ಪ್ರಕಟವಾದ ವರ್ಷವೇ, ಆಗಸ್ಟ್ ತಿಂಗಳಿನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ ಸುಬ್ಬರಾವ್ ಅವರು ಹೃದಯಾಘಾತದಿಂದ ನಿದ್ರೆಯಲ್ಲಿಯೇ ಇಹಲೋಕವನ್ನು ತ್ಯಜಿಸಿದರು. ಅಮೆರಿಕದ ಪೌರತ್ವವನ್ನು ಅವರು ಪಡೆದಿರಲಿಲ್ಲ. ತಾಯ್ನಾಡಿಗೆ ಮರಳಲೂ ಆಗಲಿಲ್ಲ. ತಾವು ಕಾಣದ ಮಗು ಎಳವೆಯಲ್ಲಿಯೇ ತೀರಿಹೋಗಿತ್ತು. ಕಾಯ್ದ ಪತ್ನಿ ಮತ್ತೆ ಅವರ ಮುಖವನ್ನು ನೋಡಲಿಲ್ಲ. ಲೋಕಕ್ಕೆ ದೊರೆತ ಆರೋಗ್ಯದ ಬೆಲೆಯಲ್ಲಿ ಆ ತಾಯಿಯ ಪಾಲೂ ಇದೆಯೆಂಬುದನ್ನು ನಾವು ಮರೆಯಲಾಗದು. ಅವರನ್ನು ಹೊಗಳುವ ಉತ್ಸಾಹದಲ್ಲಿ ಇದನ್ನು ಮುಚ್ಚಿಡುವುದು ಸತ್ಯಕ್ಕೆ ಎಸಗುವ ಅಪಚಾರವಾದೀತು.

ಪ್ರಯೋಗಾಲಯದ ಕೀರ್ತಿಯನ್ನು ಅವರು ಸದಾ ಸಹೋದ್ಯೋಗಿಗಳಿಗೆ ಬಿಟ್ಟುಕೊಟ್ಟರು. 1995ರಲ್ಲಿ, ಜನ್ಮಶತಾಬ್ದಿಯ ಸಂದರ್ಭದಲ್ಲಿ, ಭಾರತ ಸರಕಾರವು ಅವರ ಅಂಚೆಚೀಟಿಯನ್ನು ಹೊರತಂದಿತು. ಆದರೆ ಅವರ ನಿಜವಾದ ಸ್ಮಾರಕವಿರುವುದು ಪ್ರತಿದಿನ ಪರೀಕ್ಷಿಸುವ ರಕ್ತದ ಹನಿಯಲ್ಲಿ, ಬಡವನ ಕೈಸೇರುವ ಅಗ್ಗದ ಮಾತ್ರೆಯಲ್ಲಿ.

ಕಾಯಕವೂ ದಾಸೋಹವೂ ಕೂಡಿದಾಗ ಬಾಳು ಸಾರ್ಥಕವೆಂಬುದು ನಮ್ಮ ಪರಂಪರೆಯ ತಿಳಿವು. ಸುಬ್ಬರಾವ್ ಅವರದು ಕಾಯಕ; ಅವರನ್ನು ಓದಿಸಿ ಕಳುಹಿಸಿದವರದು ದಾಸೋಹ. ಇಂದು ನಮ್ಮ ಶಾಲೆಯ ಕೊನೆಯ ಬೆಂಚಿನಲ್ಲಿ, ಎರಡು ಸಲ ಅನುತ್ತೀರ್ಣನಾಗಿ ತಲೆ ತಗ್ಗಿಸಿ ಕುಳಿತ ಬಾಲಕನೊಬ್ಬನಿರಬಹುದು. ಅವನೆದುರು ತಾಳ್ಮೆಗೆಡದ ಗುರುವೂ ಅವನ ಶುಲ್ಕವನ್ನು ಭರಿಸುವ ದಾನಿಯೂ ಯಾವ ಬೆಳೆಗೆ ನೀರೆರೆಯುತ್ತಿದ್ದಾರೆಂಬುದು ಅವರಿಗೇ ತಿಳಿಯದು. ತಿಳಿಯದೆಯೂ ಎರೆಯುವುದೇ ವಿದ್ಯಾದಾನದ ಹಿರಿಮೆ.