ಕತ್ತಲ ಗೂಡಿನೊಳಗೆ ಹುಟ್ಟುವ ನಕ್ಷತ್ರ

ಹೊಳೆಯುವ ನೀಹಾರಿಕೆಗಳ ಫೋಟೊ ನೋಡಿದ್ದೀರಾ? ಅಲ್ಲಲ್ಲಿ ಶಾಯಿ ಸಿಡಿದಂತೆ ಪುಟ್ಟ ಕಪ್ಪು ಚುಕ್ಕೆಗಳಿರುತ್ತವೆ. ಅವು ಖಗೋಳ ವಿಜ್ಞಾನಿಗಳಿಗೆ ಹೊಸದೇನಲ್ಲ. ಆದರೆ ನಕ್ಷತ್ರಗಳ ತೊಟ್ಟಿಲು ಅದೇ ಇರಬಹುದು ಎಂದು ಪಟ್ಟು ಹಿಡಿದವರು ಬಾರ್ಟ್ ಬಾಕ್.

ಬಾಕ್ ಹುಟ್ಟಿದ್ದು 1906ರಲ್ಲಿ, ನೆದರ್ಲೆಂಡ್ಸ್‌ನ ಹೋರ್ನ್ ಪಟ್ಟಣದಲ್ಲಿ. 1928ರಲ್ಲಿ ಲೈಡನ್‌ನಲ್ಲಿ ನಡೆದ ಖಗೋಳ ಸಮ್ಮೇಳನಕ್ಕೆ ಅಮೆರಿಕದಿಂದ ಪ್ರಿಸಿಲ್ಲಾ ಫೇರ್‌ಫೀಲ್ಡ್ ಬಂದರು. ಆಕೆ ಆಗಲೇ ಡಾಕ್ಟರೇಟ್ ಪಡೆದಿದ್ದ ಖಗೋಳ ವಿಜ್ಞಾನಿ, ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವರು. ಈತನಿನ್ನೂ ವಿದ್ಯಾರ್ಥಿ. ಮರುವರ್ಷವೇ ಇಬ್ಬರ ಮದುವೆಯಾಯಿತು, ಬಾಕ್ ಹಾರ್ವರ್ಡ್ ಸೇರಿದರು. ಆಕಾಶಗಂಗೆಯ ಬಗ್ಗೆ ಇಬ್ಬರೂ ಸೇರಿ 1941ರಲ್ಲಿ ತಂದ ಪುಸ್ತಕ ಹಲವು ಮುದ್ರಣ ಕಂಡಿತು.

1947ರಲ್ಲಿ ಈಡಿತ್ ರೈಲಿ ಅವರ ಜೊತೆ ಬರೆದ ಚಿಕ್ಕ ಪ್ರಬಂಧದಲ್ಲಿ ಬಾಕ್ ಆ ಕಪ್ಪು ಚುಕ್ಕೆಗಳನ್ನು ಹುಳುವಿನ ಗೂಡಿಗೆ ಹೋಲಿಸಿದರು. ನಮ್ಮ ರೇಷ್ಮೆಗೂಡನ್ನೇ ನೆನಪಿಸಿಕೊಳ್ಳಿ: ಹೊರಗೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ, ಬದಲಾವಣೆಯೆಲ್ಲ ಒಳಗೆ. ಈ ಗೂಡುಗಳು ಸುಮಾರು ಒಂದು ಜ್ಯೋತಿರ್ವರ್ಷ ಅಗಲದ ಅನಿಲ ಮತ್ತು ದೂಳಿನ ಮೋಡಗಳು. ಒಳಗೆ ಸೊನ್ನೆಗಿಂತ 260 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಆ ಚಳಿಯೇ ಇಲ್ಲಿ ಉಪಕಾರಿ. ಬಿಸಿ ಅನಿಲ ಹಿಗ್ಗಿ ಚೆದುರುತ್ತದೆ, ತಣ್ಣಗಿದ್ದರೆ ಗುರುತ್ವ ಗೆಲ್ಲುತ್ತದೆ. ಮೋಡ ತನ್ನ ಭಾರಕ್ಕೆ ತಾನೇ ಕುಸಿದು ನಡುವಿನಲ್ಲಿ ಬಿಸಿ ಗಡ್ಡೆಯಾಗುತ್ತದೆ. ಸುತ್ತ ತಟ್ಟೆಯಂತೆ ತಿರುಗುವ ಅನಿಲ ಒಳಕ್ಕೆ ಸುರಿಯುತ್ತ ಅದನ್ನು ಬೆಳೆಸುತ್ತದೆ. ಒಡಲಿನ ಶಾಖ ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆಯತೊಡಗುತ್ತದೆ. ಸೂರ್ಯನಂಥ ನಕ್ಷತ್ರ ಈ ಹಂತದಲ್ಲಿ ನೆಲೆಯೂರಲು ಕೆಲವು ಕೋಟಿ ವರ್ಷ ಬೇಕು.

ಇದರಲ್ಲಿ ಬಹುಪಾಲು ನಂತರದವರು ಬಿಡಿಸಿಟ್ಟ ಕಥೆ. ಬಾಕ್ ಕೈಯಲ್ಲಿದ್ದುದು ಊಹೆ ಮಾತ್ರ. ಮಗುವನ್ನು ಬೆಳೆಸುವ ದೂಳೇ ಅದರ ಬೆಳಕನ್ನೂ ತಡೆಯುತ್ತದಲ್ಲ! ಎಷ್ಟು ದೊಡ್ಡ ಟೆಲಿಸ್ಕೋಪ್ ಇಟ್ಟರೂ ಕಂಡದ್ದು ಕಪ್ಪೇ. ಒಳಗೆ ಏನೂ ಇಲ್ಲ ಎನ್ನುವವರಿಗೆ ತೋರಿಸಲು ಅವರಲ್ಲಿ ಏನೂ ಇರಲಿಲ್ಲ.

ಹಾಗೆಂದು ಅವರು ಕೈಕಟ್ಟಿ ಕೂರಲಿಲ್ಲ. 1957ರಲ್ಲಿ ಆಸ್ಟ್ರೇಲಿಯಾದ ಮೌಂಟ್ ಸ್ಟ್ರೋಮ್ಲೊ ವೀಕ್ಷಣಾಲಯದ ನಿರ್ದೇಶಕರಾದರು, 1966ರಲ್ಲಿ ಅಮೆರಿಕದ ಅರಿಜೋನಾಕ್ಕೆ ಮರಳಿದರು. 1975ರಲ್ಲಿ ಪ್ರಿಸಿಲ್ಲಾ ತೀರಿಕೊಂಡರು.

ದೂಳನ್ನು ತೂರಿ ಬರುವುದು ಅವಕೆಂಪು ಕಿರಣ. ಅದನ್ನು ಹಿಡಿಯುವ ಐರಾಸ್ ಉಪಗ್ರಹ 1983ರ ಜನವರಿಯಲ್ಲಿ ಮೇಲೇರಿತು. ಅದೇ ಆಗಸ್ಟ್‌ನಲ್ಲಿ ಬಾಕ್ ತೀರಿಕೊಂಡರು. ಆಗ ಉಪಗ್ರಹ ಇನ್ನೂ ಆಕಾಶವನ್ನು ಜಾಲಾಡುತ್ತಲೇ ಇತ್ತು. ಅದರ ಮಾಹಿತಿಯಲ್ಲಿ ಯುನ್ ಮತ್ತು ಕ್ಲೆಮೆನ್ಸ್ ಎಂಬ ಇಬ್ಬರು ಸಂಶೋಧಕರು 248 ಗೂಡುಗಳನ್ನು ಹುಡುಕಿದರು. ಹಲವದರಲ್ಲಿ ಎಳೆಯ ನಕ್ಷತ್ರಗಳಿದ್ದವು. 1990ರಲ್ಲಿ ಬಂದ ಆ ಪ್ರಬಂಧದ ಶೀರ್ಷಿಕೆಯಲ್ಲೇ ಬಾಕ್ ಅವರ ಹೆಸರಿದೆ, ಅವರು ಹೇಳಿದ್ದು ಸರಿ ಎಂಬ ಮಾತಿನೊಂದಿಗೆ.